ನೋಯದ ಹುಣ್ಣು

‘ಅಂಗೈ ಹುಣ್ಣಿಗೆ ಕನ್ನಡಿ ಬೇಕೆ?’ ಎಂಬ ಗಾದೆಯನ್ನು ಕೇಳದ ಕನ್ನಡಿಗರಿಲ್ಲ. ಕಣ್ಣೆದುರಿಗೆ ಇರುವುದಕ್ಕೆ ಬೇರೆ ಸಾಕ್ಷಿ ಬೇಡವೆಂಬುದು ಅದರ ತಾತ್ಪರ್ಯ. ಈ ಗಾದೆಯನ್ನು ಕಟ್ಟಿದ ಹಿರಿಯರು ಹುಣ್ಣಿನ ವಿಷಯದಲ್ಲಿ ಒಂದು ಮಾತನ್ನು ಹೇಳದೆಯೇ ಒಪ್ಪಿಕೊಂಡುಬಿಟ್ಟಿದ್ದಾರೆ: ಹುಣ್ಣು ಎಂದಮೇಲೆ ಅದು ಕಾಣುತ್ತದೆ, ಕಾಣದಿದ್ದರೆ ನೋಯುತ್ತದೆ, ನೋವೇ ಅದರ ಇರವನ್ನು ಸಾರಿ ಹೇಳುತ್ತದೆ ಎಂದು. ಈ ಹೊತ್ತು ನಾನು ಕೇಳುಗರ ಮುಂದಿಡಬೇಕೆಂದಿರುವುದು ಈ ನಂಬಿಕೆಗೆ ಹೊರಗಾದ ಹುಣ್ಣುಗಳ ವಿಚಾರವನ್ನು. ನೋಯದ ಹುಣ್ಣುಗಳು ಕೆಲವಿವೆ. ನೋಯುವವುಗಳಿಗಿಂತ ಹೆಚ್ಚಿನ ಕೇಡನ್ನು ಅನೇಕ ವೇಳೆ ಅವೇ ಮಾಡುತ್ತವೆ. ಬೆಂಗಳೂರಿನ ಅಂಚಿನಲ್ಲಿ ಹಬ್ಬಿಕೊಂಡಿರುವ ಪೀಣ್ಯ, ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಗಳಲ್ಲಿ ದುಡಿಯುವವರಿಗೂ ಅವರ ಮನೆಯವರಿಗೂ ಅವುಗಳ ಪರಿಚಯ ಇರುವುದು ಅಗತ್ಯ.

ನಾನು ವೈದ್ಯನಲ್ಲ, ಕನ್ನಡ ಪಾಠ ಹೇಳಿ ನಿವೃತ್ತನಾದವನು. ಆದುದರಿಂದ ಮಾತಿನಿಂದಲೇ ಹೊರಡುತ್ತೇನೆ. ‘ಗಾಯ ಹುಣ್ಣಾಯಿತು’ ಎಂದು ನಮ್ಮ ಹಳ್ಳಿಗಳಲ್ಲಿ ಹೇಳುವುದುಂಟು. ಗಾಯ ಬೇರೆ, ಹುಣ್ಣು ಬೇರೆ ಎಂಬ ತಿಳಿವು ಆ ಮೂರಕ್ಷರದ ‘ಆಯಿತು’ವಿನಲ್ಲಿದೆ. ಗಾಯವೆಂಬುದು ಆದದ್ದು, ಮಾಯತಕ್ಕದ್ದು. ಮಾಯಬೇಕಾದ ಕಾಲಕ್ಕೆ ಮಾಯದೆ ಉಳಿದದ್ದು ಹುಣ್ಣು. ಇಂದಿನ ವೈದ್ಯರು ಹೇಳುವುದೂ ಇದನ್ನೇ. ಚರ್ಮದ ಮೇಲ್ಪದರ ಕಳಚಿಹೋಗಿ ಒಳಪದರ ತೆರೆದುಕೊಂಡು, ಹೊಸ ಚರ್ಮ ಅದರ ಮೇಲೆ ಹಬ್ಬಲಾರದೆ ನಿಂತ ಸ್ಥಿತಿಯೇ ಹುಣ್ಣು. ಹಾಗೆ ನಿಂತಿತೆಂದರೆ ತಡೆಯುವುದು ಏನೋ ಒಂದು ಇದೆ ಎಂದಾಯಿತು. ಆ ತಡೆ ಯಾವುದು ಎಂದು ಹುಡುಕದೆ ಮೇಲೆ ಮುಲಾಮು ಬಳಿಯುತ್ತ ಕೂರುವುದರಿಂದ ಪ್ರಯೋಜನವಿಲ್ಲ. ಸುಶ್ರುತನು ವ್ರಣಗಳನ್ನು ಶಾರೀರ ಮತ್ತು ಆಗಂತು, ಎಂದರೆ ಒಡಲೊಳಗಿನ ದೋಷದಿಂದ ಹುಟ್ಟಿದವು ಮತ್ತು ಹೊರಗಿನ ಪೆಟ್ಟಿನಿಂದ ಬಂದವು ಎಂದು ಎರಡಾಗಿ ವಿಂಗಡಿಸಿದ್ದಾನೆ. ಬಹಳ ಹಳೆಯ ವಿಂಗಡಣೆಯಾದರೂ ಇಂದಿಗೂ ಕೆಲಸಕ್ಕೆ ಬರುವಂಥದು. ನಾನು ಮೊದಲು ಹೊರಗಿನಿಂದ ಬರುವುದನ್ನು ಹೇಳಿ, ಆಮೇಲೆ ಒಳಗಿನವಕ್ಕೆ ಬರುತ್ತೇನೆ.

ಪೀಣ್ಯದ ಕೈಗಾರಿಕಾ ಪ್ರದೇಶ ೧೯೭೦ರ ದಶಕದಲ್ಲಿ ಬೆಳೆಯತೊಡಗಿತು. ದೊಡ್ಡ ಕಾರ್ಖಾನೆಗಳಿಗಿಂತ ಅಲ್ಲಿ ಸಣ್ಣ ಸಣ್ಣ ಷೆಡ್ಡುಗಳೇ ಹೆಚ್ಚು. ಒಬ್ಬರು ಲೇತಿನಲ್ಲಿ ಕಡೆಯುತ್ತಾರೆ, ಇನ್ನೊಬ್ಬರು ತೂತು ಕೊರೆಯುತ್ತಾರೆ, ಮತ್ತೊಬ್ಬರು ಮೆರುಗು ಕೊಡುತ್ತಾರೆ. ಈ ಕೊನೆಯ ಕೆಲಸಗಳಲ್ಲಿ ಒಂದು ಲೋಹಕ್ಕೆ ಕ್ರೋಮಿಯಂ ಲೇಪ ಕೊಡುವುದು. ಎಲ್ಲರ ಬಾಯಲ್ಲೂ ಅದು ‘ಪ್ಲೇಟಿಂಗ್’. ನಲ್ಲಿಯ ಹೊಳಪು, ಸ್ಕೂಟರಿನ ಹಿಡಿಕೆಯ ಮಿಂಚು, ಯಂತ್ರದ ಸವೆಯದ ಗಟ್ಟಿತನ ಇವೆಲ್ಲ ಅದರ ಕೊಡುಗೆ. ತೊಟ್ಟಿಯೊಂದರಲ್ಲಿ ಕ್ರೋಮಿಕ್ ಆಮ್ಲದ ಕೆಂಗಂದು ದ್ರಾವಣವನ್ನು ತುಂಬಿ, ಬೆಚ್ಚಗೆ ಮಾಡಿ, ಲೇಪವಾಗಬೇಕಾದ ವಸ್ತುವನ್ನು ಅದರಲ್ಲಿ ತೂಗುಬಿಟ್ಟು ವಿದ್ಯುತ್ತನ್ನು ಹರಿಸುತ್ತಾರೆ. ಹರಿದ ವಿದ್ಯುತ್ತಿನಲ್ಲಿ ಲೇಪಕ್ಕೆ ಸಲ್ಲುವುದು ಒಂದು ಸಣ್ಣ ಪಾಲು, ಹೆಚ್ಚೆಂದರೆ ಐದರಲ್ಲೊಂದು ಭಾಗದಷ್ಟು. ಉಳಿದುದು ನೀರನ್ನು ಒಡೆದು ಅನಿಲದ ಗುಳ್ಳೆಗಳನ್ನು ಎಬ್ಬಿಸುತ್ತದೆ. ಗುಳ್ಳೆ ಮೇಲಕ್ಕೆ ಬಂದು ಒಡೆಯುವಾಗ ಆಮ್ಲದ ಹನಿಯನ್ನು ಹೊತ್ತುಕೊಂಡೇ ಸಿಡಿಯುತ್ತದೆ. ತೊಟ್ಟಿಯ ಮೇಲೆ ಸದಾ ಕವಿದಿರುವ ಹಳದಿ ಮಂಜು ಇದೇ. ಅದು ಕೈಯ ಮೇಲೆ ಕೂರುತ್ತದೆ, ಉಸಿರಿನೊಡನೆ ಮೂಗಿಗೆ ಹೋಗುತ್ತದೆ.

ಗಟ್ಟಿಯಾದ ಚರ್ಮವನ್ನು ಈ ಆಮ್ಲ ಸುಲಭವಾಗಿ ಕೊರೆಯಲಾರದು. ಆದರೆ ಲೋಹದ ಕೆಲಸದಲ್ಲಿ ಗೀರಿಲ್ಲದ ಕೈ ಎಲ್ಲಿಯದು? ಕಡೆದ ತುಂಡಿನ ಅಂಚು ತಗುಲಿ ಬೆರಳ ಗೆಣ್ಣಿನ ಮೇಲೆ ಕಂಡೂ ಕಾಣದ ಗೀರು ಬಿದ್ದಿರುತ್ತದೆ. ಉಗುರಿನ ಬುಡದಲ್ಲಿ ಸಿಬಿರೆದ್ದಿರುತ್ತದೆ. ಆಮ್ಲಕ್ಕೆ ಅಷ್ಟು ಬಾಗಿಲು ಸಾಕು. ಮೊದಲು ಒಂದು ಸಣ್ಣ ಗುಳ್ಳೆ, ಆಮೇಲೆ ಅದರ ನಡುವೆ ಕರಿಯ ಹೆಪ್ಪು. ಹೆಪ್ಪು ಬಿದ್ದಾಗ ಕೆಳಗೆ ಉಳಿಯುವುದು ಮೊಳೆಯಿಂದ ಗುದ್ದಿ ತೆಗೆದಂಥ ದುಂಡನೆಯ ಗುಳಿ. ಅಂಚು ಉಬ್ಬಿ ಗಡುಸಾಗಿರುತ್ತದೆ. ಗಾತ್ರ ಕೆಲವು ಮಿಲಿಮೀಟರುಗಳಿಂದ ಒಂದು ಸೆಂಟಿಮೀಟರಿನವರೆಗೆ. ಬೆರಳ ಸಂದು, ಅಂಗೈಯ ಹಿಂಬದಿ, ಮುಂಗೈ, ಆಮ್ಲ ಚೆಲ್ಲಿದ ಬೂಟಿನೊಳಗಿನ ಪಾದದ ಮೇಲ್ಭಾಗ ಇವು ಅದರ ನೆಲೆಗಳು. ಇದಕ್ಕೆ ಕ್ರೋಮ್ ಹುಣ್ಣು ಎಂದು ಹೆಸರು. ಗ್ಲಾಸ್ಗೋ ನಗರದ ವೈದ್ಯ ವಿಲಿಯಂ ಕ್ಯುಮಿನ್ ಇದನ್ನು ೧೮೨೭ರಷ್ಟು ಹಿಂದೆಯೇ ವರ್ಣಿಸಿದ್ದ. ಕ್ರೋಮಿಯಂ ಧಾತುವನ್ನು ಫ್ರಾನ್ಸಿನ ವೋಕ್ಲ್ಯಾನ್ ಕಂಡುಹಿಡಿದದ್ದು ೧೭೯೭ರಲ್ಲಿ. ಲೋಹ ದೊರೆತ ಮೂವತ್ತೇ ವರ್ಷಗಳಲ್ಲಿ ಅದರ ಹುಣ್ಣೂ ದೊರೆತಿತ್ತು!

ಈ ಹುಣ್ಣಿನ ವಿಶೇಷವೆಂದರೆ ಅದು ಅಷ್ಟಾಗಿ ನೋಯುವುದಿಲ್ಲ. ನಾವಿರುವ ಬಡಾವಣೆಯ ತರುಣನೊಬ್ಬ ಇಂಥ ಷೆಡ್ಡೊಂದರಲ್ಲಿ ಕೆಲಸ ಮಾಡುತ್ತಾನೆ. ಒಂದು ದಿನ ಅವನ ಬಲಗೈಯ ಗೆಣ್ಣುಗಳ ಮೇಲೆ ಎರಡು ಗುಳಿಗಳನ್ನೂ, ಅವುಗಳ ಪಕ್ಕದಲ್ಲಿ ವಾಸಿಯಾದವುಗಳ ದುಂಡು ಕಲೆಗಳನ್ನೂ ಕಂಡು, ‘ಆಸ್ಪತ್ರೆಗೆ ತೋರಿಸಿದೆಯೇನಪ್ಪ?’ ಎಂದು ಕೇಳಿದೆ. ‘ನೋವೇ ಇಲ್ವಲ್ಲ ಮೇಷ್ಟ್ರೇ! ನೋವಿದ್ರೆ ತಾನೇ ಆಸ್ಪತ್ರೆಗೆ ಹೋಗೋದು? ಒಂದು ದಿನ ರಜಾ ಹಾಕಿದ್ರೆ ಒಂದು ದಿನದ ಕೂಲಿ ಹೋಯ್ತು’ ಎಂದ. ಅವನ ಲೆಕ್ಕದಲ್ಲಿ ತಪ್ಪೇನೂ ಇರಲಿಲ್ಲ. ನೋವು ಮಾತ್ರ ತನ್ನ ಕೆಲಸವನ್ನು ಮಾಡಿರಲಿಲ್ಲ. ಆ ಹುಣ್ಣು ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಉಳಿಯುತ್ತದೆ. ಆಳಕ್ಕೆ ಇಳಿದರೆ ಕೀಲನ್ನೂ ಮುಟ್ಟಬಹುದು. ಅದು ಕ್ಯಾನ್ಸರಿಗೆ ತಿರುಗುವಂಥದಲ್ಲವೆಂಬುದು ಒಂದು ಸಮಾಧಾನ. ಆದರೆ ಕೈಯ ಮೇಲೆ ಹುಣ್ಣೆಬ್ಬಿಸಿದ ಮಂಜನ್ನೇ ಅವನು ಉಸಿರಾಡುತ್ತಲೂ ಇದ್ದಾನಲ್ಲ! ಮೂಗಿನ ಎರಡು ಹೊಳ್ಳೆಗಳ ನಡುವೆ ಇರುವ ತೆಳುವಾದ ಮೃದ್ವಸ್ಥಿಯ ಗೋಡೆಯನ್ನು ಅದು ಕೊರೆಯುತ್ತದೆ. ಮೊದಲು ಮೂಗಿನಲ್ಲಿ ಹಕ್ಕಳೆ, ಆಗಾಗ ತುಸು ರಕ್ತ. ಒಂದು ದಿನ ಗೋಡೆ ತೂತಾಗಿಬಿಟ್ಟಿರುತ್ತದೆ. ಆಗಲೂ ನೋವಿಲ್ಲ. ಉಸಿರೆಳೆದಾಗ ಕೆಲವರಿಗೆ ಸಣ್ಣ ಸಿಳ್ಳಿನ ಸದ್ದು ಕೇಳುತ್ತದೆ, ಅಷ್ಟೆ. ಇದೇ ರೂಪದ ಕ್ರೋಮಿಯಂ ಶ್ವಾಸಕೋಶದ ಕ್ಯಾನ್ಸರಿಗೆ ಕಾರಣವೆಂಬುದು ಈಗ ನಿಸ್ಸಂದೇಹವಾಗಿ ಗೊತ್ತಾಗಿದೆ. ಗೆಣ್ಣಿನ ಮೇಲಿನ ಗುಳಿಯನ್ನು ನಾವು ಓದಬೇಕಾದುದು ಆ ಒಳಗಿನ ಅಪಾಯದ ಓಲೆಯಾಗಿ.

‘ಇದೇ ರೂಪದ’ ಎಂದೆ. ಇಲ್ಲಿ ಸ್ವಲ್ಪ ವಿವರಣೆ ಬೇಕು. ಕ್ರೋಮಿಯಂ ನಮಗೆ ಪರಕೀಯವಾದುದಲ್ಲ. ಹಾಸನ ಜಿಲ್ಲೆಯ ಚನ್ನರಾಯಪಟ್ಟಣ ತಾಲ್ಲೂಕಿನ ಬೈರಾಪುರದಲ್ಲಿ ಅದರ ಅದಿರನ್ನು ಬಹುಕಾಲ ಅಗೆದು ತೆಗೆದಿದ್ದಾರೆ. ಆ ಶಿಲೆಯ ಪಟ್ಟಿಗೆ ಭೂವಿಜ್ಞಾನಿಗಳು ಕೊಟ್ಟಿರುವ ಹೆಸರು ನುಗ್ಗೇಹಳ್ಳಿಯದು. ೧೨೪೬ರಲ್ಲಿ ಬೊಮ್ಮಣ್ಣ ದಂಡನಾಯಕ ಕಟ್ಟಿಸಿದ ಲಕ್ಷ್ಮೀನರಸಿಂಹ ದೇವಾಲಯಕ್ಕಾಗಿ ನಮ್ಮಂಥವರು ನೆನೆಯುವ ನುಗ್ಗೇಹಳ್ಳಿಯೇ ಅದು. ಅದಿರಿನಲ್ಲಿರುವ ಕ್ರೋಮಿಯಂ ಬಹುಮಟ್ಟಿಗೆ ಮೂರು ವೇಲೆನ್ಸಿಯದು. ನೀರಿನಲ್ಲಿ ಸುಲಭವಾಗಿ ಕರಗದು, ಚರ್ಮದೊಳಕ್ಕೆ ನುಗ್ಗದು. ಅದನ್ನು ಕ್ಷಾರದೊಡನೆ ಸುಟ್ಟು ಸಂಸ್ಕರಿಸಿದಾಗ ಆರು ವೇಲೆನ್ಸಿಯ ರೂಪಕ್ಕೆ ತಿರುಗುತ್ತದೆ. ಪ್ಲೇಟಿಂಗ್ ತೊಟ್ಟಿಯಲ್ಲಿರುವುದು ಈ ರೂಪವೇ. ನೀರಿನಲ್ಲಿ ಕರಗಿ ಹರಿಯುವ ಇದರ ಗುಣದಿಂದಾಗಿಯೇ ಪೀಣ್ಯದ ಕೊಳವೆಬಾವಿಗಳ ನೀರಿನಲ್ಲೂ ಕ್ರೋಮಿಯಂ ಕಾಣಿಸಿಕೊಂಡಿದೆ. ಹುಣ್ಣಿಗೆ ಚಿಕಿತ್ಸೆ ಮಾಡುವವರು ಇದರ ತಿರುಗುಮುರುಗನ್ನು ಬಳಸಿಕೊಂಡಿದ್ದಾರೆ. ನೆಲ್ಲಿಕಾಯಿಯಲ್ಲಿ, ನಿಂಬೆಯಲ್ಲಿ ಇರುವ ಸಿ ಜೀವಸತ್ವವು ಆರರ ರೂಪವನ್ನು ಮೂರರ ರೂಪಕ್ಕೆ ಇಳಿಸುತ್ತದೆಯಾಗಿ, ಅದರ ದ್ರಾವಣದಿಂದ ಗಾಯವನ್ನು ತೊಳೆಯುವ ಕ್ರಮವುಂಟು. ಹಾಗೆಂದು ಯಾರೂ ಹುಣ್ಣಿನ ಮೇಲೆ ನಿಂಬೆಹಣ್ಣು ಹಿಂಡಿಕೊಳ್ಳತಕ್ಕದ್ದಲ್ಲ! ಕೆಲಸಗಾರ ಮೊದಲು ಮಾಡಬೇಕಾದುದು ಹನಿ ಬಿದ್ದ ಕೂಡಲೇ ಧಾರಾಳವಾಗಿ ನೀರಿನಿಂದ ತೊಳೆಯುವುದು, ಗೀರಿದ್ದ ಕೈಯನ್ನು ನೀರು ಹೊಗದ ಪಟ್ಟಿಯಿಂದ ಮುಚ್ಚದೆ ತೊಟ್ಟಿಯ ಹತ್ತಿರ ಹೋಗದಿರುವುದು, ಮೊಣಕೈವರೆಗಿನ ಕೈಗವಸನ್ನು ಹರಿದಿಲ್ಲವೆಂದು ನೋಡಿ ತೊಡುವುದು. ಹರಿದ ಕೈಗವಸು ಬರಿಗೈಗಿಂತ ಕೆಟ್ಟದ್ದು, ಏಕೆಂದರೆ ಒಳಗೆ ಇಳಿದ ಆಮ್ಲ ಅಲ್ಲೇ ನಿಲ್ಲುತ್ತದೆ.

ಮಾಲೀಕ ಮಾಡಬೇಕಾದುದು ಇದಕ್ಕಿಂತ ಹೆಚ್ಚಿನದು. ತೊಟ್ಟಿಯ ಅಂಚಿನಲ್ಲೇ ಮಂಜನ್ನು ಎಳೆದುಕೊಳ್ಳುವ ಗಾಳಿಕೊಳವೆ ಇರಬೇಕು. ಗುಳ್ಳೆ ಸಿಡಿಯದಂತೆ ದ್ರಾವಣದ ಮೇಲೆ ತೇಲುವ ಪ್ಲಾಸ್ಟಿಕ್ ಗುಂಡುಗಳನ್ನು ಹರಡಬಹುದು. ಇಂಗ್ಲೆಂಡಿನಲ್ಲಿ ಕ್ರೋಮಿಯಂ ಲೇಪನಕ್ಕೆಂದೇ ೧೯೩೧ರಲ್ಲಿ ನಿಯಮಗಳು ಬಂದವು. ನಮ್ಮಲ್ಲಿ ೧೯೪೮ರ ಕಾರ್ಖಾನೆ ಕಾಯಿದೆಯೇ ಕ್ರೋಮ್ ಹುಣ್ಣನ್ನು ಸರಕಾರಕ್ಕೆ ತಿಳಿಸಲೇಬೇಕಾದ ರೋಗಗಳ ಪಟ್ಟಿಯಲ್ಲಿ ಸೇರಿಸಿತು. ಚಿಕಿತ್ಸೆ ಮಾಡಿದ ವೈದ್ಯ ಕಾರ್ಖಾನೆಗಳ ಮುಖ್ಯ ನಿರೀಕ್ಷಕರಿಗೆ ಬರೆದು ತಿಳಿಸಬೇಕೆಂಬುದು ಆ ಕಾಯಿದೆಯ ವಿಧಿಯಾಗಿತ್ತು. ಆದರೆ ವಿದ್ಯುತ್ ಬಳಸುವ ಕಡೆ ಕನಿಷ್ಠ ೧೦ ಮಂದಿ ಇದ್ದರೆ ಮಾತ್ರ ಅದು ಸಾಮಾನ್ಯವಾಗಿ ಕಾರ್ಖಾನೆ ಎನಿಸುತ್ತಿತ್ತು. ೨೦೨೦ರ ಸಂಹಿತೆಯಲ್ಲಿ ಈ ಸಂಖ್ಯೆ ೨೦ಕ್ಕೆ ಏರಿದೆ. ಐದಾರು ಮಂದಿಯ ಷೆಡ್ಡಿನಲ್ಲಿ ಬಾಗಿ ತೊಟ್ಟಿ ನೋಡುವವನ ಮೂಗನ್ನು ಯಾರು ನೋಡಬೇಕು? ಇಟಲಿಯ ರಾಮಾಜ್ಜಿನಿ ಎಂಬ ವೈದ್ಯ ೧೭೦೦ರಲ್ಲಿ ಕಸುಬುದಾರರ ರೋಗಗಳನ್ನು ಕುರಿತು ಗ್ರಂಥವೊಂದನ್ನು ಬರೆದು, ರೋಗಿಯನ್ನು ಕೇಳುವ ಪ್ರಶ್ನೆಗಳ ಜೊತೆಗೆ ‘ನಿನ್ನ ಕಸುಬೇನು?’ ಎಂಬುದನ್ನೂ ಸೇರಿಸಬೇಕೆಂದು ಸೂಚಿಸಿದ್ದ. ನಮ್ಮ ಮೂಲೆ ಕ್ಲಿನಿಕ್ಕಿನ ವೈದ್ಯರು ಅದನ್ನು ಕೇಳದಿದ್ದರೆ ರೋಗಿಯೇ ಮುಂದಾಗಿ ಹೇಳುವುದು ಒಳ್ಳೆಯದು. ಕಸುಬು ಗೊತ್ತಿಲ್ಲದೆ ನೋಡಿದರೆ ಕ್ರೋಮ್ ಹುಣ್ಣು ಬರೇ ಕೀವುಗುಳ್ಳೆಯ ಹಾಗೆ ಕಾಣಬಹುದು.

ವೈಟ್‌ಫೀಲ್ಡ್ ಮತ್ತು ಎಲೆಕ್ಟ್ರಾನಿಕ್ ಸಿಟಿಗಳ ಗಾಜಿನ ಸೌಧಗಳಲ್ಲಿ ಪ್ಲೇಟಿಂಗ್ ತೊಟ್ಟಿಗಳಿಲ್ಲ. ಆದರೆ ಆ ಸೌಧಗಳು ತಾವಾಗಿ ಎದ್ದವಲ್ಲ. ಕಲಬುರಗಿ, ಯಾದಗಿರಿ, ರಾಯಚೂರುಗಳಿಂದ ಬಂದವರು, ಹೊರ ರಾಜ್ಯಗಳಿಂದ ಬಂದವರು ಸಿಮೆಂಟು ಕಲಸಿ ಎಬ್ಬಿಸಿದವು. ಹಸಿ ಸಿಮೆಂಟು ಸುಣ್ಣದಂತೆ ತೀವ್ರವಾದ ಕ್ಷಾರ. ಮಂಡಿಯೂರಿ ನೆಲ ಸಾರಿಸುವವನ ಮಂಡಿಗೆ, ಬೂಟಿನೊಳಗೆ ಗಾರೆ ಇಳಿದವನ ಪಾದಕ್ಕೆ ಅದು ಮೆಲ್ಲಗೆ ಕೊರೆಯುತ್ತ ಹೋಗುತ್ತದೆ. ಇಲ್ಲಿ ನೋವು ಬರುತ್ತದೆ, ಆದರೆ ತಡವಾಗಿ. ಬೆಳಗ್ಗೆ ತಗುಲಿದುದು ಸಂಜೆ ಪ್ಯಾಂಟು ಮಡಿಸಿ ನೋಡುವಾಗ ಕಪ್ಪಾದ ಚರ್ಮವಾಗಿ, ಕೆಲವೇ ದಿನಗಳಲ್ಲಿ ಆಳವಾದ ಹುಣ್ಣಾಗಿ ತೋರುತ್ತದೆ. ಸಿಮೆಂಟಿನಲ್ಲೂ ಆರರ ಕ್ರೋಮಿಯಂ ಕಿಂಚಿತ್ತು ಇರುವುದುಂಟು. ಅದರಿಂದ ಬರುವುದು ಕೈಯ ಕಜ್ಜಿ. ಯೂರೋಪಿನ ದೇಶಗಳು ೨೦೦೫ರಿಂದ ಸಿಮೆಂಟಿನಲ್ಲಿ ಅದರ ಅಂಶಕ್ಕೆ ಕಟ್ಟುನಿಟ್ಟಾದ ಮಿತಿ ಹಾಕಿವೆ.

ಇನ್ನು ಒಡಲೊಳಗಿನಿಂದ ಹುಟ್ಟುವ ಹುಣ್ಣುಗಳು. ಕಾಲಿನ ಮಾಯದ ಹುಣ್ಣುಗಳಲ್ಲಿ ಬಹುಭಾಗ ಅಭಿಧಮನಿಗಳದು, ಎಂದರೆ ರಕ್ತವನ್ನು ಹೃದಯಕ್ಕೆ ಹಿಂದಿರುಗಿಸುವ ನಾಳಗಳದು. ಕಾಲಿನ ರಕ್ತ ಮೇಲೇರಬೇಕಾದರೆ ಮೀನಖಂಡ ಹಿಂಡಿಕೊಡಬೇಕು, ನಾಳದೊಳಗಿನ ಕವಾಟಗಳು ಅದು ಕೆಳಗೆ ಜಾರದಂತೆ ತಡೆಯಬೇಕು. ನಡೆಯುವವನಿಗೆ ಇದು ತಾನಾಗಿ ನಡೆಯುತ್ತದೆ. ನಿಂತಲ್ಲೇ ನಿಲ್ಲುವವನಿಗೆ ಮೀನಖಂಡ ಸುಮ್ಮನಿರುತ್ತದೆ, ಕವಾಟಗಳ ಮೇಲೆ ಭಾರ ಬೀಳುತ್ತದೆ. ಕಚೇರಿಗಳ ಬಾಗಿಲಲ್ಲಿ ಹಗಲೆಲ್ಲ ನಿಲ್ಲುವ ಕಾವಲುಗಾರರನ್ನೂ, ಸಿದ್ಧ ಉಡುಪಿನ ಕಾರ್ಖಾನೆಗಳಲ್ಲಿ ನಿಂತೇ ಬಟ್ಟೆ ಇಸ್ತ್ರಿ ಮಾಡುವ, ತಪಾಸಣೆ ಮಾಡುವ ಹೆಣ್ಣುಮಕ್ಕಳನ್ನೂ ನೆನೆಯಿರಿ. ಹೆರಿಗೆಗಳು, ವಂಶದ ಒಲವು, ಸ್ಥೂಲಕಾಯ ಇವೂ ಜೊತೆ ಸೇರಿದರೆ ನಾಳಗಳು ಹಾವಿನಂತೆ ಸುತ್ತಿ ಉಬ್ಬುತ್ತವೆ. ಸಂಜೆಗೆ ಪಾದ ಬಾಯುತ್ತದೆ. ಹಿಮ್ಮಡಿಯ ಗಂಟಿನ ಒಳಮಗ್ಗುಲಿನ ಮೇಲ್ಗಡೆ ಚರ್ಮ ಕಂದುಗಟ್ಟಿ ಗಡುಸಾಗುತ್ತದೆ. ಅಲ್ಲೊಂದು ಸೊಳ್ಳೆ ಕಡಿದ ತುರಿಕೆ ಸಾಕು, ಹುಣ್ಣು ತೆರೆದುಕೊಳ್ಳಲು. ಅಗಲವಾಗಿ, ಒದ್ದೆಯಾಗಿ, ಅಂಕುಡೊಂಕಾದ ಅಂಚಿನಿಂದ ಕೂಡಿದ್ದು, ಕಾಲನ್ನು ಎತ್ತಿಟ್ಟರೆ ಹಾಯೆನಿಸುತ್ತದೆ. ಇದಕ್ಕೆ ಮುಲಾಮಿಗಿಂತ ಮುಖ್ಯವಾದ ಮದ್ದು ಪಟ್ಟಿ. ಬೆರಳುಗಳ ಬುಡದಿಂದ ಮೊಣಕಾಲ ಕೆಳಗಿನವರೆಗೆ ಬಿಗಿಯಾಗಿ ಸುತ್ತಿದ ಪಟ್ಟಿ.

ಇಲ್ಲಿ ಒಂದು ಎಚ್ಚರವನ್ನು ಹೇಳದೆ ಮುಂದಕ್ಕೆ ಹೋಗಬಾರದು. ರಕ್ತವನ್ನು ಕೆಳಕ್ಕೆ ತರುವ ಅಪಧಮನಿ ಕಟ್ಟಿಕೊಂಡು ಆದ ಹುಣ್ಣಿಗೆ ಇದೇ ಪಟ್ಟಿಯನ್ನು ಬಿಗಿದರೆ ಪಾದವೇ ಹೋಗಬಹುದು. ಆ ಹುಣ್ಣು ಸಾಮಾನ್ಯವಾಗಿ ಬೆರಳ ತುದಿಯಲ್ಲಿ ಏಳುತ್ತದೆ, ಒಣಗಿ ಬಿಳಿಚಿಕೊಂಡಿರುತ್ತದೆ, ಪಾದ ತಣ್ಣಗಿರುತ್ತದೆ. ನೋವಂತೂ ವಿಪರೀತ. ರಾತ್ರಿಯಲ್ಲಿ ಕಾಲನ್ನು ಮಂಚದಿಂದ ಕೆಳಕ್ಕೆ ಇಳಿಬಿಟ್ಟರೆ ಸ್ವಲ್ಪ ಸಮಾಧಾನ. ಹೊಗೆಬತ್ತಿ ಸೇದುವ ತರುಣರಲ್ಲೇ ಇದು ಬರುವ ಬಗೆಯೊಂದನ್ನು ಲಿಯೋ ಬರ್ಜರ್ ಎಂಬ ವೈದ್ಯ ೧೯೦೮ರಲ್ಲಿ ವಿವರಿಸಿದ. ನಮ್ಮಲ್ಲಿ ಬೀಡಿ ಸೇದುವವರಲ್ಲಿ ಅದು ಕಾಣುತ್ತದೆ. ಬೀಡಿಯನ್ನು ಪೂರ್ತಿಯಾಗಿ ಬಿಡದ ಹೊರತು ಅದಕ್ಕೆ ಯಾವ ಚಿಕಿತ್ಸೆಯೂ ಹತ್ತುವುದಿಲ್ಲ. ಆದುದರಿಂದ ಪಾದದ ನಾಡಿಯನ್ನು ಮುಟ್ಟಿ ನೋಡದೆ ಯಾರಾದರೂ ಕಾಲಿಗೆ ಬಿಗಿಪಟ್ಟಿ ಕಟ್ಟಲು ಬಂದರೆ ‘ಸ್ವಲ್ಪ ತಡೆಯಿರಿ’ ಎಂದು ಹೇಳಬೇಕು.

ಹಾಸಿಗೆ ಹಿಡಿದವರ ಬೆನ್ನಿನಲ್ಲಿ, ಪೃಷ್ಠದಲ್ಲಿ, ಹಿಮ್ಮಡಿಯಲ್ಲಿ ಏಳುವ ಹುಣ್ಣಿಗೆ ಒತ್ತಡವೇ ಕಾರಣ. ಎಲುಬು ಮತ್ತು ಹಾಸಿಗೆಯ ನಡುವೆ ಚರ್ಮ ಸಿಕ್ಕಿ ಅಲ್ಲಿಯ ರಕ್ತಸಂಚಾರ ನಿಲ್ಲುತ್ತದೆ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವ ಆರೈಕೆ ಅದನ್ನು ತಡೆಯುವಷ್ಟು ಯಾವ ಪುಡಿಯೂ ತಡೆಯದು.

ನೋಯದ ಹುಣ್ಣಿನ ದೊಡ್ಡ ಉದಾಹರಣೆಯನ್ನು ಕೊನೆಗೆ ಉಳಿಸಿಕೊಂಡಿದ್ದೇನೆ. ಕುಷ್ಠರೋಗಿಗಳ ಬೆರಳುಗಳು ಕೊಳೆತು ಉದುರುತ್ತವೆಂದು ಲೋಕವೆಲ್ಲ ನಂಬಿತ್ತು. ೧೯೪೬ರಲ್ಲಿ ವೆಲ್ಲೂರಿಗೆ ಬಂದ ಶಸ್ತ್ರವೈದ್ಯ ಪಾಲ್ ಬ್ರಾಂಡ್ ರೋಗಿಗಳ ಕೈಕಾಲುಗಳನ್ನು ವರ್ಷಗಟ್ಟಲೆ ಪರೀಕ್ಷಿಸಿ, ಅವು ಕೊಳೆಯುವುದಿಲ್ಲ, ನೋವು ತಿಳಿಯದ ಕಾರಣ ಬಳಕೆಯಲ್ಲಿ ಜಜ್ಜಿಹೋಗುತ್ತವೆ ಎಂದು ತೋರಿಸಿಕೊಟ್ಟರು. ರೋಗ ನರಗಳನ್ನು ಕೆಡಿಸಿದಾಗ ಒಲೆಯ ಬಿಸಿ, ಮುಳ್ಳಿನ ಮೊನೆ, ಚಪ್ಪಲಿಯ ಮೊಳೆ ಯಾವುದೂ ತಿಳಿಯುವುದಿಲ್ಲ. ೧೯೮೦ರ ದಶಕದಲ್ಲಿ ಬಂದ ಬಹುಔಷಧ ಚಿಕಿತ್ಸೆ ಆ ರೋಗವನ್ನು ಗುಣಪಡಿಸುತ್ತದೆ. ಆದರೆ ಸತ್ತ ನರವನ್ನು ಬದುಕಿಸಲಾರದು. ಪೀಣ್ಯಕ್ಕೆ ದೂರವಲ್ಲದ ಮಾಗಡಿ ರಸ್ತೆಯ ಕುಷ್ಠರೋಗಾಸ್ಪತ್ರೆ, ಸುಮನಹಳ್ಳಿ ಇವುಗಳ ಹೆಸರನ್ನು ಬೆಂಗಳೂರಿಗರು ಬಲ್ಲರು.

ಬ್ರಾಂಡ್ ಅವರ ಪಾಠ ಇಂದು ಹೆಚ್ಚು ಉಪಯೋಗಕ್ಕೆ ಬರುತ್ತಿರುವುದು ಸಿಹಿಮೂತ್ರರೋಗಿಗಳಿಗೆ. ವರ್ಷಾನುಗಟ್ಟಲೆ ರಕ್ತದಲ್ಲಿ ಸಕ್ಕರೆ ಏರಿದ್ದರೆ ಪಾದದ ನರಗಳು ಮಂಕಾಗುತ್ತವೆ. ಮೊದಲು ಜುಮುಗುಟ್ಟುವುದು, ಉರಿ. ಆಮೇಲೆ ಅದೂ ನಿಲ್ಲುತ್ತದೆ. ‘ಉರಿ ಕಡಿಮೆಯಾಯಿತು’ ಎಂದು ಕೆಲವರು ಸಂತೋಷಪಡುವುದುಂಟು, ಕಡಿಮೆಯಾದದ್ದು ಅರಿವು. ಹೆಬ್ಬೆರಳ ಬುಡದ ಕೆಳಗೆ, ಭಾರ ಬೀಳುವ ಕಡೆಯಲ್ಲಿ, ಆಣಿಯಂತೆ ಚರ್ಮ ದಪ್ಪಗಟ್ಟುತ್ತದೆ. ನಡೆದಂತೆಲ್ಲ ಆ ದಪ್ಪನೆಯ ತುಂಡು ಒಳಗಿನ ಮೆತ್ತನೆಯ ಮಾಂಸವನ್ನು ಅರೆಯುತ್ತದೆ. ಒಂದು ದಿನ ಕಾಲುಚೀಲದಲ್ಲಿ ಕಲೆ ಕಂಡಾಗ ಹುಣ್ಣು ಎಲುಬಿನ ಹತ್ತಿರ ಹೋಗಿರುತ್ತದೆ. ಪೆಟ್ಟಿನಿಂದಾಗದೆ ಕಾಲು ಕಳೆದುಕೊಳ್ಳುವವರಲ್ಲಿ ದೊಡ್ಡ ಪಾಲು ಇವರದೇ. ಕಾರ್ಖಾನೆಯ ಉಕ್ಕಿನ ಮುಂಗಟ್ಟಿನ ಬೂಟನ್ನು ತೊಟ್ಟು ಹಗಲೆಲ್ಲ ನಿಲ್ಲುವ ಸಿಹಿಮೂತ್ರರೋಗಿಗೆ ಆ ಬೂಟೇ ಶತ್ರುವಾಗಬಲ್ಲದು. ಹೊರಗಿನ ಏಟನ್ನು ತಡೆಯುವ ಗಡಸುತನ ಒಳಗಿನ ಬೆರಳನ್ನು ಉಜ್ಜುವುದು ಅವನಿಗೆ ತಿಳಿಯದು.

ಆದುದರಿಂದ ಗಾದೆಗೆ ಒಂದು ಬಾಲಂಗೋಚಿ ಸೇರಿಸಬೇಕಾಗಿದೆ. ಅಂಗೈ ಹುಣ್ಣಿಗೆ ಕನ್ನಡಿ ಬೇಡ. ಅಂಗಾಲ ಹುಣ್ಣಿಗೆ ಬೇಕು. ಇದು ಚಮತ್ಕಾರದ ಮಾತಲ್ಲ, ಸಿಹಿಮೂತ್ರರೋಗಿಗಳಿಗೆ ವೈದ್ಯರು ನಿಜವಾಗಿ ಕೊಡುವ ಸಲಹೆ. ರಾತ್ರಿ ಮಲಗುವ ಮುನ್ನ ನೆಲದ ಮೇಲೆ ಕನ್ನಡಿ ಇಟ್ಟು ಅಂಗಾಲನ್ನೂ ಬೆರಳ ಸಂದುಗಳನ್ನೂ ನೋಡಿಕೊಳ್ಳಬೇಕು. ಕಣ್ಣು ಮಂಜಾದವರು ಮನೆಯವರಿಂದ ನೋಡಿಸಬೇಕು. ಬಿಸಿನೀರಿಗೆ ಕಾಲಿಡುವ ಮುಂಚೆ ಮೊಣಕೈಯಿಂದ ನೀರನ್ನು ಮುಟ್ಟಬೇಕು. ಆಣಿಯನ್ನು ಬ್ಲೇಡಿನಿಂದ ತಾವೇ ಕೆತ್ತಬಾರದು. ಹುಣ್ಣಾಗಿದ್ದರೆ ಅದರ ಮೇಲೆ ಕಾಫಿಪುಡಿ, ಗ್ರೀಸು, ಸುಣ್ಣ, ಹೊಗೆಸೊಪ್ಪು ಇವನ್ನೆಲ್ಲ ಮೆತ್ತಬಾರದು. ಅವು ಹುಣ್ಣನ್ನು ಕೆಡಿಸುವುದಲ್ಲದೆ ವೈದ್ಯರ ಕಣ್ಣಿಂದಲೂ ಮರೆಮಾಡುತ್ತವೆ. ಆ ಕಾಲಿನ ಮೇಲೆ ಭಾರ ಹಾಕದಿರುವುದೇ ದೊಡ್ಡ ಚಿಕಿತ್ಸೆ. ಅದಕ್ಕೆಂದೇ ಹುಣ್ಣಿನ ಕಾಲಿಗೆ ಮೈಗಂಟಿದ ಪ್ಲಾಸ್ಟರನ್ನು ಹಾಕುವ ಪದ್ಧತಿಯಿದೆ. ಯಾವ ಹುಣ್ಣೇ ಆಗಲಿ, ಅದರಲ್ಲೂ ಹಳೆಯ ಸುಟ್ಟ ಕಲೆಯ ಮೇಲೆ ಎದ್ದದ್ದು, ತಿಂಗಳೊಪ್ಪತ್ತಾದರೂ ಕೂಡದೆ ಅಂಚು ಉಬ್ಬುತ್ತಿದ್ದರೆ ತುಣುಕು ತೆಗೆದು ಪರೀಕ್ಷಿಸಬೇಕಾಗುತ್ತದೆ. ಚರ್ಮದ ಕ್ಯಾನ್ಸರ್ ಹೀಗೆಯೇ, ಬಹಳ ವೇಳೆ ನೋವಿಲ್ಲದೆ, ಬರುವುದುಂಟು.

ಪಾದರಕ್ಷೆಯ ವಿಷಯ. ಅರಿವುಗೆಟ್ಟ ಪಾದಕ್ಕೆ ಸಣ್ಣ ರಂಧ್ರಗಳುಳ್ಳ ಮೆದು ರಬ್ಬರಿನ ಅಟ್ಟೆಯ ಚಪ್ಪಲಿಗಳನ್ನು ನಮ್ಮ ದೇಶದ ಕುಷ್ಠರೋಗಾಸ್ಪತ್ರೆಗಳಲ್ಲಿ ದಶಕಗಳಿಂದ ಮಾಡಿಕೊಡುತ್ತ ಬಂದಿದ್ದಾರೆ. ಸಿಹಿಮೂತ್ರರೋಗಿಗಳಿಗೂ ಅದೇ ಬಗೆಯವು ಒಪ್ಪುತ್ತವೆ. ಬೆರಳ ಸಂದಿಗೆ ಉಂಗುಷ್ಠದ ಪಟ್ಟಿ ಇಲ್ಲದ, ಹಿಂದೆ ಕಟ್ಟು ಇರುವ ಚಪ್ಪಲಿ ಮೇಲು. ಕಾರ್ಖಾನೆಯ ಬೂಟು ತೊಡಲೇಬೇಕಾದವರು ತೊಡುವ ಮುನ್ನ ಒಳಗೆ ಕೈಯಾಡಿಸಿ ಕಲ್ಲು, ಮೊಳೆ, ಲೋಹದ ಸಿಬಿರು ಇಲ್ಲವೆಂದು ನೋಡಬೇಕು. ಹೊಸ ಬೂಟನ್ನು ಕೊಳ್ಳುವುದಾದರೆ ಸಂಜೆಯ ಹೊತ್ತು ಕೊಳ್ಳಬೇಕು, ಆಗ ಪಾದ ತುಸು ಊದಿರುತ್ತದೆ. ಮೊದಲ ವಾರ ದಿನಕ್ಕೆ ಒಂದೆರಡು ಗಂಟೆಗಳಿಗಿಂತ ಹೆಚ್ಚು ತೊಡಬಾರದು. ಬಿಚ್ಚಿದ ಕೂಡಲೇ ಎಲ್ಲಿ ಕೆಂಪಾಗಿದೆ ಎಂದು ನೋಡಿಕೊಳ್ಳಬೇಕು.